ಫ್ಲಾಪಿಯೊಳಗಿನ ‘ಅವರು’

ಮನುಷ್ಯನೆಂದ ಮೇಲೆ ಯಾವುದಾದರೂ ಒಂದು ಆಸೆ ಒಳಗೆ ಕೂತು ಕೆರೆಯುತ್ತಲೇ ಇರುತ್ತದೆ. ನಮ್ಮ ಹೆಡ್ ಕ್ಲಾರ್ಕರಿಗೆ ಒಮ್ಮೆ ಸಮುದ್ರದ ದಂಡೆಯ ಮೇಲೆ ನಿಂತು ಕಾಲು ತೋಯಿಸಿಕೊಳ್ಳಬೇಕೆಂಬ ಆಸೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೆ ತಮ್ಮ ಗಿರಾಕಿಯೊಬ್ಬ ‘ತೂಕ ಬರೋಬ್ಬರಿ ಅದ’ ಎಂದು ಬಾಯಿ ಬಿಟ್ಟು ಹೇಳಬೇಕೆಂಬ ಆಸೆ. ಇವೆಲ್ಲ ನಾಲ್ಕು ಜನರ ನಡುವೆ ಹೇಳಿಕೊಳ್ಳಬಹುದಾದ ಆಸೆಗಳು. ನನ್ನದು ಹಾಗಲ್ಲ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ತಲೆಯ ಬಿಳಿಗೂದಲು ನೋಡಿ ಇನ್ನೊಮ್ಮೆ ನಗುತ್ತಾರೆ. ಆದರೂ ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ನನ್ನ ಹೆಂಡತಿಯ ಬಾಯಿಂದ ನನ್ನ ಹೆಸರು ಒಂದು ಸಲ ಕೇಳಬೇಕು. ಇಷ್ಟೇ ನನ್ನ ಆಸೆ. ಮದುವೆಯ ದಿನ ಹುಟ್ಟಿದ್ದು, ಮಗಳನ್ನು ಚಿಟಗುಪ್ಪಕ್ಕೆ ಕೊಟ್ಟು ಅಜ್ಜನಾದ ಮೇಲೂ ಸತ್ತಿಲ್ಲ.

ನನ್ನ ಹೆಸರೇನು ಬಾಯಿ ತಿರುಗದಂಥದ್ದಲ್ಲ. ಕಾಶಪ್ಪ. ಬಸವಕಲ್ಯಾಣದ ಕೋಟೆಯ ಬದಿಯಿಂದ ಬಸ್‌ಸ್ಟ್ಯಾಂಡಿನ ತನಕ ಯಾರು ಬೇಕಾದರೂ ಕರೆಯುತ್ತಾರೆ. ಹಾಲಿನವಳು ಕರೆಯುತ್ತಾಳೆ, ಟಾಂಗಾದವನು ಕರೆಯುತ್ತಾನೆ, ಬೀಜದ ಸಂಘದ ನಮ್ಮ ಕಚೇರಿಯಲ್ಲಂತೂ ದಿನವಿಡೀ ‘ಕಾಶಪ್ಪಾ, ಏ ಕಾಶಪ್ಪಾ’ ನಡೆದೇ ಇರುತ್ತದೆ. ಕರೆಯದವಳು ಒಬ್ಬಳೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮೋರಖಂಡಿಯ ಅವಳ ತವರಿನಲ್ಲಿ ಕಲಿಸಿ ಕಳಿಸಿದ್ದಾರೆ. ನನಗೆ ಬೇಕಾದಾಗ ‘ಇಕಾ, ಕೇಳಿದ್ರೇನ್ರಿ’ ಅನ್ನುತ್ತಾಳೆ. ಸಿಟ್ಟು ಬಂದರೆ ಅದೂ ಇಲ್ಲ, ಪಾತ್ರೆಗಳೇ ಕರೆಯುತ್ತವೆ. ಹೆಸರಷ್ಟೇ ಅಲ್ಲ, ಹೆಸರಿನ ನೆರಳೂ ಆಗದು. ಅವಳು ಸಾಲಿಯ ಅಕ್ಕೋರು, ಅಂದರೆ ಶಾಲೆಯ ಟೀಚರು. ಮದುವೆಯಾದ ಮೇಲೆ ಓದಿ ನೌಕರಿ ಹಿಡಿದವಳು. ಗಂಗಾ ನದಿಯ ಪಾಠ ಬಂದರೆ ಗೋಡೆಯ ಮೇಲಿನ ನಕಾಶೆಗೆ ಕೋಲು ಹಚ್ಚಿ, ‘ದಂಡಿ ಮ್ಯಾಲಿನ ಈ ಊರು ಯಾವುದ್ರೋ?’ ಅನ್ನುತ್ತಾಳಂತೆ. ಮಕ್ಕಳೆಲ್ಲ ‘ಕಾಶಿ!’ ಎಂದು ಕೂಗಿದರೆ ‘ಹಾಂ, ಅದೇ’ ಎಂದು ಕೋಲನ್ನು ಮುಂದಿನ ಊರಿಗೆ ಸರಿಸುತ್ತಾಳಂತೆ. ತಲೆಮಾರುಗಟ್ಟಲೆ ಮಕ್ಕಳು ಹೀಗೇ ಕಲಿತು ಪಾಸಾಗಿ ಹೋಗಿದ್ದಾರೆ. ಅವರಲ್ಲಿ ಯಾರಿಗೂ ಭೂಗೋಳದಲ್ಲಿ ನಾನೂ ಒಂದು ಊರಾಗಿದ್ದೇನೆಂದು ಗೊತ್ತಿಲ್ಲ.

ಹಾಗೆಂದು ಅವಳು ನನ್ನ ಹೆಸರು ಹೇಳಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಲ ಹೇಳಿದ್ದಾಳೆ. ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಮ್ಮ ಮದುವೆ. ಹೊಸ ಸೊಸೆ ಮನೆ ಹೊಗುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳುವುದು, ಅವಳು ಅದನ್ನು ನೇರ ಹೇಳದೆ ಪ್ರಾಸದ ಪದ್ಯದೊಳಗೆ ಕೂಡಿಸಿ ಹೇಳುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಒಡಪು ಅನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ಗಂಡನ ಆಯುಷ್ಯಕ್ಕೆ ಬಾಧೆಯಿಲ್ಲ. ಹಿರಿಯರು ಎಷ್ಟು ಕರಾರುವಾಕ್ಕಾಗಿ ಯೋಚಿಸಿದ್ದಾರೆ ನೋಡಿ! ನಾನು ಬಾಸಿಂಗದ ಭಾರಕ್ಕೆ ಕತ್ತು ಬಾಗಿಸಿಕೊಂಡು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ಬಾಯಿ ತೆರೆದಳು. ಅದೇ ಹೊತ್ತಿಗೆ ನಮ್ಮ ಬಾಜಾದವರು, ಹೆಂಗಸರ ಗುಂಪು ಕಂಡು, ಇದೇ ಊದುವ ಹೊತ್ತೆಂದು ತಿಳಿದು, ನನ್ನ ಕಿವಿಯ ಬುಡದಲ್ಲೇ ಪಿಪಾಣಿ ಊದಿದರು. ಅವಳ ತುಟಿ ಅಲ್ಲಾಡಿದ್ದು ಕಂಡಿತು. ಅಕ್ಕ ತಂಗಿಯರು ಹೋ ಎಂದು ನಕ್ಕು ದಾರಿ ಬಿಟ್ಟಿದ್ದು ಕಂಡಿತು. ನನ್ನ ಹೆಸರು ಮಾತ್ರ ಪಿಪಾಣಿಯೊಳಗೆ ಹೋಯಿತು.

ನಮ್ಮ ಆಯಿ, ಅಂದರೆ ಅಜ್ಜಿ, ಇರುವವರೆಗೂ ಆ ಒಡಪನ್ನು ಹೊಗಳಿದಳು. ‘ಏನ್ ಹೇಳಿದಳಪ್ಪ ಹುಡುಗಿ! ಅಂಥಾದ್ದು ಈ ಓಣ್ಯಾಗ ಯಾರೂ ಹೇಳಿಲ್ಲ’ ಅನ್ನುತ್ತಿದ್ದಳು. ನನಗೆ ಮಾತು ಕಲಿಸಿದವಳೇ ಅವಳು. ಇಂದಿಗೂ ನಾನು ಬಾಯಿ ಬಿಟ್ಟರೆ ಅರ್ಧ ಮಾತು ಅವಳದೇ. ಆದರೆ ‘ಆಯಿ, ನನಗೂ ಒಂದೀಟು ಹೇಳ’ ಎಂದರೆ, ‘ನಿನಗ್ಯಾಕೋ ಭಾಡ್ಯಾ? ಹೆಂಗಸರ ಮಾತು ಹೆಂಗಸರಿಗೆ. ಮಗ್ಗಲದಾಗ ನಿಂತು ಏನ್ ಮಣ್ಣು ಕೇಳಿದಿ?’ ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೆಂಡತಿಯನ್ನು ಕೇಳಿದರೆ, ‘ಒಡಪು ಒಮ್ಮಿ ಹೇಳೂದ್ರಿ. ದಿನಾ ಹೇಳಾಕ ಅದೇನ್ ಮಂಗಳಾರತೀನ?’ ಅಂದಳು. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲನ್ನು ಮತ್ತೆ ತೆರೆದದ್ದು ಕಂಪ್ಯೂಟರ್ ಎಂದರೆ ನೀವು ನಂಬುವುದಿಲ್ಲ. ಈಚಿನ ವರ್ಷಗಳಲ್ಲಿ ಎಲ್ಲರ ಬಾಯಲ್ಲೂ ಅದರದೇ ಸುದ್ದಿಯಲ್ಲವೇ? ನಮ್ಮ ಸಂಘಕ್ಕೂ ಒಂದು ಬರುತ್ತದೆಂದು, ಬಂದರೆ ಅದು ಬಲ್ಲವನನ್ನು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂಡಿಸುತ್ತಾರೆಂದು ಗುಲ್ಲೆದ್ದಿತು. ನನ್ನ ಮೇಜು ಕಿಟಕಿಯ ಬಿಸಿಲಿಗಿದೆ. ಕಂಪ್ಯೂಟರ್ ವಿದ್ಯೆಯ ಬಗ್ಗೆ ನನಗೆ ಹುಟ್ಟಿದ ಪ್ರೇಮದ ಮೂಲ ಆ ಫ್ಯಾನು. ಹುಮನಾಬಾದಿನ ಬಜಾರದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಖಾದರ್ ಮಾಸ್ತರರು ಒಂದು ಕಂಪ್ಯೂಟರ್ ತಂದಿಟ್ಟು, ಭಾನುವಾರದ ಕ್ಲಾಸು ಶುರು ಮಾಡಿದ್ದರು. ನಾನು ಹೊರಟೆ. ‘ನನಗೂ ಬ್ಯಾಸಗಿ ಸೂಟಿ ಅದ. ನಾನೂ ಬರ್ತೀನ್ರಿ’ ಎಂದು ಅವಳೂ ಹೊರಟಳು. ಆ ವಯಸ್ಸಿನಲ್ಲಿ ಗಂಡ ಹೆಂಡತಿ ಚೀಲ ಹಿಡಿದು ಸಾಲಿಗೆ ಹೊರಟದ್ದು ನೋಡಿ ನಮ್ಮ ಟಾಂಗಾದವನು, ‘ಏನ್ ಕಾಶಪ್ಪಣ್ಣ, ಅಕ್ಕೋರು ನಿಮ್ಮನ್ನ ಸಾಲ್ಯಾಗ ಹೆಸರು ಹಚ್ಚಾಕ ಕರಕೊಂಡ್ ಹೊಂಟಾರೇನು?’ ಎಂದ. ಬಸ್ಸು ಹಿಡಿಯುವ ಬಂಗ್ಲಾ ಕ್ರಾಸಿನ ತನಕ ಅವನು ಅದನ್ನೇ ಹೇಳಿಕೊಂಡು ನಕ್ಕ. ಕುದುರೆ ಕೂಡ ಒಮ್ಮೆ ತಿರುಗಿ ನೋಡಿತು.

ಖಾದರ್ ಮಾಸ್ತರರ ಕ್ಲಾಸಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಕಂಪ್ಯೂಟರಿಗೆ ಹಸಿರು ಮಖಮಲ್ಲಿನ ಮುಸುಕು, ಬಾಗಿಲಿಗೆ ಪರದೆ, ಕಿಟಕಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ಶುಕ್ರವಾರ ಸಂಜೆ ಅದಕ್ಕೆ ಲೋಬಾನದ ಹೊಗೆ ಹಾಕುತ್ತಿದ್ದರೆಂದೂ, ಒಂದು ಶುಕ್ರವಾರ ಹೊಗೆ ಹೆಚ್ಚಾಗಿ ಅದು ಮಾತಾಡುವುದನ್ನೇ ನಿಲ್ಲಿಸಿದ ಮೇಲೆ ದೂರದಿಂದಲೇ ಸಲಾಂ ಮಾಡುತ್ತಿದ್ದಾರೆಂದೂ ಕೇಳಿದೆ. ಅವರು ಕಲಿಸುವ ರೀತಿ ಚೆನ್ನಾಗಿತ್ತು. ಕೈಯಲ್ಲಿ ಫ್ಲಾಪಿ ಹಿಡಿದು, ‘ನೋಡ್ರಿ, ಈ ಫ್ಲಾಪಿ ಅಂದ್ರ ಒಂದು ಮನಿ. ಮನ್ಯಾಗ ಖೋಲಿ ಇರ್ತಾವ. ಖೋಲಿಗೆ ಡೈರೆಕ್ಟರಿ ಅಂತಾರ. ಖೋಲ್ಯಾಗ ಇಡೋ ಸಾಮಾನು ಫೈಲು. ಸಾಮಾನಿಗೂ ಹೆಸರು ಬೇಕು, ಖೋಲಿಗೂ ಹೆಸರು ಬೇಕು. ಹೆಸರಿಲ್ಲದ್ದು ಇದರಾಗ ಇರಾಕ ಆಗಂಗಿಲ್ಲ, ಸಮ್‌ಝೇ?’ ಅಂದರು. ನಾನು ತಲೆಯಾಡಿಸಿದೆ. ತಿಳಿಯದಾಗ ನಾನು ಹೆಚ್ಚು ಆಡಿಸುತ್ತೇನೆ. ಇವಳು ಮಾತ್ರ, ‘ಹಂಗಾರ ಇದು ನಮ್ಮ ಅಡಕಲ ಗಡಿಗಿ ಇದ್ದಂಗ ಆತ್ರಿ’ ಅಂದಳು. ನಮ್ಮ ಆಯಿಯ ಅಡುಗೆ ಮನೆಯಲ್ಲಿ ಗಡಿಗೆಯ ಮೇಲೆ ಗಡಿಗೆ ಪೇರಿಸಿದ ಅಡಕಲು ಗೋಡೆಯುದ್ದ ನಿಂತಿರುತ್ತಿತ್ತು. ಹುಣಸೆಯ ಸಾಲು ಬೇರೆ, ಬೇಳೆಯ ಸಾಲು ಬೇರೆ, ಬೀಜದ ಸಾಲು ಬೇರೆ. ಬೆಲ್ಲ ಬೇಕಾದರೆ ಯಾವ ಸಾಲು, ಮೇಲಿನಿಂದ ಎಷ್ಟು ಗಡಿಗೆ ಇಳಿಸಬೇಕು ಎಂಬುದು ಮನೆಯ ಹೆಂಗಸರಿಗೆಲ್ಲ ಕಂಠಪಾಠ. ನನಗೆ ಬೆಲ್ಲ ಬೇಕಾದಾಗ ನಾನು ಇಡೀ ಅಡಕಲನ್ನು ಇಳಿಸಿ ಕೂಡುತ್ತಿದ್ದೆ. ಕಂಪ್ಯೂಟರಿನಲ್ಲೂ ನನ್ನ ನಡತೆ ಬದಲಾಗಲಿಲ್ಲ.

ಇಬ್ಬರ ನಡುವೆ ಒಂದೇ ಫ್ಲಾಪಿ. ಮೊದಲನೇ ದಿನವೇ ಮಾಸ್ತರರು, ‘ಇಬ್ಬರದೂ ಒಂದೊಂದು ಡೈರೆಕ್ಟರಿ ಮಾಡ್ರಿ ಅಕ್ಕೋರ. ನಿಮ್ಮದು ಒಂದು, ಸಾಹೇಬರದು ಒಂದು’ ಅಂದರು. ಗುಂಡಿಗಳ ಮುಂದೆ ಅವಳೇ ಕೂತಿದ್ದಳು. ಬಾಯಿಂದ ಹೇಳುವುದಿಲ್ಲ ಸರಿ, ಬೆರಳಿಂದಲಾದರೂ ಬರೆಯಲೇಬೇಕಲ್ಲ! ಹೆಸರಿಲ್ಲದೆ ಆ ಯಂತ್ರ ಮುಂದೆ ಹೋಗುವುದಿಲ್ಲ ಎಂದು ಮಾಸ್ತರರೇ ಹೇಳಿದ್ದಾರೆ. ಕನ್ನಡಕ ಒರೆಸಿಕೊಂಡು ಬಾಗಿದೆ. ಅವಳು ಮೊದಲು ತನ್ನದಕ್ಕೆ ‘ಅಕ್ಕೋರು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಳು. ಆಮೇಲೆ ಸ್ವಲ್ಪ ತಡೆದು, ಸೆರಗು ಸರಿ ಮಾಡಿಕೊಂಡು, ನನ್ನದನ್ನು ಒತ್ತಿದಳು. ‘ಅವರು’.

‘ಇದೇನಿದು?’ ಅಂದೆ.

‘ಡೈರೆಕ್ಟರಿ.’

‘ನನಗ ಹೆಸರಿಲ್ಲೇನು?’

‘ಅದs ನಿಮ್ಮ ಹೆಸರು’ ಎಂದಳು, ಬಹಳ ಸಹಜವಾಗಿ. ಖಾದರ್ ಮಾಸ್ತರರು ಬಾಗಿಲ ಪರದೆಯ ಕಡೆಗೆ ಮುಖ ತಿರುಗಿಸಿ ಕೆಮ್ಮಿದರು. ‘ಚಲ್ತಾ ಹೈ ಕಾಶಪ್ಪ ಸಾಬ್. ನಮ್ಮ ಮನ್ಯಾಗೂ ನನಗ “ಅಜೀ, ಸುನ್ತೇ ಕ್ಯಾ” ಅಂತಲೇ ಹೆಸರು. ನಿಮ್ಮದು ನನ್ನದಕ್ಕಿಂತ ಸಣ್ಣದು, ಟೈಪ್ ಮಾಡಾಕ ಸಸಾರ’ ಎಂದು ಸಮಾಧಾನ ಹೇಳಿದರು.

ಆ ‘ಅವರು’ ಎಂಬ ಕೋಣೆಯೊಳಗೆ ನಾನು ಸಂಸಾರ ಹೂಡಿದೆ. ಏನು ಬರೆದೆ, ಯಾವ ಹೆಸರಿಟ್ಟೆ, ಒಂದೂ ನೆನಪಿರುತ್ತಿರಲಿಲ್ಲ. ಮೊದಲನೇ ಫೈಲಿಗೆ ‘ಹೊಸದು’ ಎಂದಿಟ್ಟೆ. ಎರಡನೆಯದು ಅದಕ್ಕಿಂತ ಹೊಸದಲ್ಲವೇ? ಅದಕ್ಕೆ ‘ಹೊಸಹೊಸ’. ಆಮೇಲಿನದಕ್ಕೆ ಇನ್ನೊಂದು ‘ಹೊಸ’ ಸೇರಿಸಹೋದರೆ, ಹೆಸರಿಗೆ ಸಲ್ಲುವ ಇಂಗ್ಲಿಷಿನ ಎಂಟು ಅಕ್ಷರ ಮುಗಿದವೆಂದು ಯಂತ್ರ ಬಾಲ ಕತ್ತರಿಸಿ, ಹಳೆಯ ‘ಹೊಸಹೊಸ’ದ ಮೇಲೆಯೇ ಇದನ್ನು ಕೂಡಿಸಿ ಅದನ್ನು ನುಂಗಿಹಾಕಿತು. ಒಂದು ದಿನ ಬೇಡದ ಒಂದು ಫೈಲನ್ನು ಅಳಿಸಲು ಹೋಗಿ ಏನೇನೋ ನಕ್ಷತ್ರ ಚುಕ್ಕೆ ಒತ್ತಿದೆ. ಅದು ಇಂಗ್ಲಿಷಿನಲ್ಲಿ, ‘ನೀವು ಖಂಡಿತ ಹೇಳ್ತೀರಾ? ಹೌದೋ ಅಲ್ಲವೋ?’ ಎಂದು ಕೇಳಿತು. ನಮ್ಮ ಕಡೆ ಯಾರಾದರೂ ಮರ್ಯಾದೆಯಿಂದ ಒಂದು ಮಾತು ಕೇಳಿದರೆ ‘ಹೌದ್ರಿ’ ಎನ್ನುವುದು ರೂಢಿ. ಅಲ್ಲ ಎಂದರೆ ಎದುರಿನವರ ಮನಸ್ಸು ನೊಂದೀತು ಎಂಬ ದಾಕ್ಷಿಣ್ಯ. ನಾನು ‘ಹೌದ್ರಿ’ ಎಂದು ಗುಂಡಿ ಒತ್ತಿದೆ. ‘ಗಯಾ! ಕಾಶಪ್ಪ ಸಾಬ್, ಸಬ್ ಗಯಾ!’ ಎಂದು ಮಾಸ್ತರರು ಹಣೆ ಹಿಡಿದುಕೊಂಡರು. ‘ಅವರು’ ಖಾಲಿಯಾಗಿದ್ದರು. ಹೊಸದೂ ಇಲ್ಲ, ಹೊಸಹೊಸವೂ ಇಲ್ಲ. ಪಕ್ಕದ ‘ಅಕ್ಕೋರು’ ಕೋಣೆಯಲ್ಲಿ ಮಾತ್ರ ಹಾಜರಿ, ಅಭ್ಯಾಸ, ಮನೆವಾರ್ತೆ ಎಲ್ಲ ಸಾಲಾಗಿ ಅಡಕಲಿನಂತೆ ನಿಂತಿದ್ದವು. ‘ನೀವು ಇನ್ ಮ್ಯಾಲ ಬರಕೊಂಡ್ ಹೋಗ್ರಿ ಸಾಕು, ಇಡೂದು ನಾನು ಇಡ್ತೀನಿ’ ಎಂದಳು ಇವಳು. ಮನೆಯಲ್ಲಿ ನನ್ನ ಧೋತರ, ಕನ್ನಡಕ, ಬೀಗದಕೈಗಳ ವಿಷಯದಲ್ಲಿ ಎಂದೋ ಜಾರಿಗೆ ಬಂದ ಕಾನೂನು ಫ್ಲಾಪಿಗೂ ಬಂತು.

ಮರಳಿ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಬದಿ ಕೂತು, ಫ್ಲಾಪಿ ಬಗ್ಗದಂತೆ ಪಾಠದ ಪುಸ್ತಕದೊಳಗಿಟ್ಟು, ಎದೆಗವಚಿ ತೂಕಡಿಸುತ್ತಿದ್ದಳು. ಹೊರಗೆ ತೊಗರಿಯ ಹೊಲಗಳು ಖಾಲಿ ಬಿದ್ದು, ಸಂಜೆಯ ಬಿಸಿಲು ಕೆಂಪು ಮಣ್ಣಿನ ಮೇಲೆ ಉದ್ದಕ್ಕೆ ಮಲಗಿರುತ್ತಿತ್ತು. ಒಂದೊಂದು ಸ್ಟಾಪಿನಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು: ‘ಏ ರುದ್ರಾ, ಇಳೀಯೋ!’ ‘ಫಾತಿಮಾ, ಗಂಟು ಹಿಡಿ!’ ಪ್ರತಿ ಕೂಗಿಗೂ ನನ್ನೊಳಗೆ ಏನೋ ಒಂದು ಎದ್ದು ನಿಂತು, ತನ್ನನ್ನಲ್ಲ ಎಂದು ತಿಳಿದು ಮತ್ತೆ ಕೂಡುತ್ತಿತ್ತು. ಜಗತ್ತಿನಲ್ಲಿ ಎಷ್ಟು ಜನ ಎಷ್ಟು ಸಲೀಸಾಗಿ ಕರೆಸಿಕೊಳ್ಳುತ್ತಾರೆ! ಈ ಹೆಂಗಸು ನನ್ನ ಜ್ವರಕ್ಕೆ ಎದ್ದು ಕೂತಿದ್ದಾಳೆ, ನನ್ನ ತಾಯಿಯನ್ನು ಕೊನೆಯತನಕ ಮಗುವಿನಂತೆ ನೋಡಿಕೊಂಡಿದ್ದಾಳೆ. ಕೊಡಲಿಲ್ಲ ಎನ್ನುವಂಥದ್ದು ಒಂದೂ ಇಲ್ಲ. ಈ ಮೂರು ಅಕ್ಷರಕ್ಕೆ ಮಾತ್ರ ಯಾಕೆ ಇಷ್ಟು ಬಿಗಿ? ಅವಳ ತಲೆ ನನ್ನ ಹೆಗಲಿಗೆ ವಾಲುತ್ತಿತ್ತು. ಇಷ್ಟು ಹತ್ತಿರ ಇದ್ದೂ ನನ್ನ ಹೆಸರು ದಾರಿ ತಪ್ಪಿ ಎಲ್ಲಿ ನಿಂತಿದೆಯೋ ಎಂದು ನಾನು ಬಂಗ್ಲಾ ಬರುವ ತನಕ ಯೋಚಿಸುತ್ತಿದ್ದೆ.

ಕೋರ್ಸಿನ ಕೊನೆಗೆ ಒಂದು ಪರೀಕ್ಷೆ. ಅದಕ್ಕೆ ಗುಲಬರ್ಗಾದಿಂದ ಒಬ್ಬ ಸಾಹೇಬರು ಬರುತ್ತಾರೆ, ಫ್ಲಾಪಿ ಹಾಕಿ ತಮ್ಮ ತಮ್ಮ ಡೈರೆಕ್ಟರಿಗಳ ಹೆಸರು ಬಾಯಿಬಿಟ್ಟು ಹೇಳಬೇಕು, ಯಾವುದರಲ್ಲಿ ಏನಿದೆ ಎಂದು ವಿವರಿಸಬೇಕು ಎಂದು ಮಾಸ್ತರರು ಹೇಳಿದರು. ನಾನು ಅವರನ್ನು ಪಕ್ಕಕ್ಕೆ ಕರೆದು, ‘ಮಾಸ್ತರ್ ಸಾಬ್, “ಅವರು” ಅಂದ್ರ ಸಾಹೇಬರು ಒಪ್ಪತಾರೇನ್ರಿ?’ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಗಡ್ಡ ಸವರಿಕೊಂಡು, ‘ಒಪ್ಪಂಗಿಲ್ಲ ಅಂತ ನಾನೇ ಅಕ್ಕೋರಿಗೆ ಹೇಳೀನಿ. ಹೆಸರು ಅಂದ್ರ ಹೆಸರೇ ಬೇಕು’ ಎಂದು ಕಣ್ಣು ಮಿಟುಕಿಸಿದರು. ಪರೀಕ್ಷೆಯ ತನಕ ವಾರಗಟ್ಟಲೆ ನಾನು ಕಚೇರಿಯಲ್ಲಿ ಶೇಂಗಾ ಬೀಜದ ಚೀಲಕ್ಕೆ ಕುಸುಬೆಯ ಚೀಟಿ ಹಚ್ಚಿಕೊಂಡು ತಿರುಗಿದೆ.

ಪರೀಕ್ಷೆಯ ದಿನ ನಾನು ಕ್ಷೌರ ಮಾಡಿಸಿಕೊಂಡು ಹೋಗಿದ್ದೆ. ಕಿವಿಯ ಮೇಲಿನ ಕೂದಲು ಚೆನ್ನಾಗಿ ತೆಗೆಯಪ್ಪಾ ಎಂದು ಬೇರೆ ಹೇಳಿದ್ದೆ. ಗುಲಬರ್ಗಾದ ಸಾಹೇಬರು ತೆಳ್ಳಗಿನ, ಬಿಗಿಯಾದ ಮನುಷ್ಯ. ನಗುವನ್ನು ಯಾವ ಡೈರೆಕ್ಟರಿಯಲ್ಲಿಟ್ಟು ಮರೆತಿದ್ದರೋ! ಇವಳ ಸರದಿ ಬಂತು. ‘ನಿಮ್ಮ ಫ್ಲಾಪ್ಯಾಗ ಎಷ್ಟು ಡೈರೆಕ್ಟರಿ ಅವ?’ ಎಂದರು. ‘ಎರಡು ಅವ್ರಿ.’ ‘ಒಂದನೇದು?’ ‘ಅಕ್ಕೋರು. ಅದು ನಂದು.’ ‘ಎರಡನೇದು?’ ಇವಳು ಸೆರಗು ಸರಿ ಮಾಡಿಕೊಂಡಳು. ‘ಎರಡನೇದರ ಹೆಸರೇನಮ್ಮ?’ ಎಂದು ಸಾಹೇಬರು ಮತ್ತೆ ಕೇಳಿದರು. ಖಾದರ್ ಮಾಸ್ತರರು ಮುಂದೆ ಬಂದು, ‘ಸಾಹೇಬ್, ಅದು ಅವರ ಯಜಮಾನರದು. ನಮ್ಮ ಕಡಿ ಹೆಣ್ಮಕ್ಕಳು…’ ಎಂದು ತಡವರಿಸಿದರು. ಆಚೆ ಕೋಣೆಯಲ್ಲಿ ಟೈಪಿಂಗ್ ಮಾಡುತ್ತಿದ್ದ ಹುಡುಗಿಯರ ಟಕಟಕ ನಿಂತು, ಪರದೆಯ ಸಂದಿನಲ್ಲಿ ಮುಖಗಳು ಕಂಡವು. ಯಾರೋ ಒಬ್ಬಳು, ‘ಒಡಪು ಹಾಕ್ರೀ ಅಕ್ಕೋರ!’ ಎಂದಳು. ಉಳಿದವರೂ ‘ಹೌದ್ರಿ, ಒಡಪು, ಒಡಪು!’ ಎಂದು ಹಿಡಿದರು.

ನಾನು ಗೋಡೆಗೆ ಆತು ನಿಂತೆ. ಬಾಜಾ ಇಲ್ಲ, ಪಿಪಾಣಿ ಇಲ್ಲ, ಲಾವಂಚದ ತಟ್ಟಿಯಿಂದ ನೀರು ತೊಟ್ಟಿಕ್ಕುವ ಸದ್ದೂ ಕೇಳುವಷ್ಟು ನಿಶ್ಶಬ್ದ. ಒಂದಕ್ಷರವೂ ತಪ್ಪಿಹೋಗಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಅವಳು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದಳು:

‘ಬಂಗ್ಲಾ ತನಕ ಟಾಂಗಾ, ಮುಂದ ಹಿಡದೇವಿ ಗಾಡಿ,
ಹುಮನಾಬಾದಿಗೆ ಕಲಿಯಾಕ ಬಂದೇವಿ ಇಬ್ಬರೂ ಜೋಡಿ.
ನಾಲಿಗಿ ಮ್ಯಾಲ ಬರವಲ್ದು, ಬೆರಳಿಗೆ ಬಂದು ನಿಂತದ,
ಹೆಸರ ಕೇಳಿದವ್ರು ನೋಡ್ರಿ, ಪಡದೆ ಮ್ಯಾಲ ಕುಂತದ!’

ಟಪ್ ಎಂದು ಒಂದು ಗುಂಡಿ ಒತ್ತಿದ ಸದ್ದು. ಆಮೇಲೆ ಹುಡುಗಿಯರ ಚಪ್ಪಾಳೆ, ಖಾದರ್ ಮಾಸ್ತರರ ‘ವಾಹ್, ಅಕ್ಕೋರ, ವಾಹ್!’ ನಾನಿನ್ನೂ ಕಣ್ಣು ಮುಚ್ಚಿಕೊಂಡೇ ಇದ್ದೆ, ಹೆಸರು ಈಗ ಬಂದೀತು, ಇನ್ನೇನು ಬಂದೀತು ಎಂದು. ಕಣ್ಣು ತೆರೆದಾಗ ಎಲ್ಲರೂ ಕಂಪ್ಯೂಟರಿನ ಕಡೆ ನೋಡುತ್ತಿದ್ದರು. ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರದಲ್ಲಿ ನಾನು ಕೂತಿದ್ದೆ. ‘ಅವರು’ ಅಲ್ಲ. ಕಾಶಪ್ಪ. ಇಂಗ್ಲಿಷಿನ ಎಂಟಕ್ಕೆ ಎಂಟು ಅಕ್ಷರ, ಯಂತ್ರ ಕತ್ತರಿಸಲು ಒಂದು ಬಾಲವನ್ನೂ ಬಿಡದೆ. ಗುಲಬರ್ಗಾದ ಸಾಹೇಬರು ಕನ್ನಡಕ ತೆಗೆದು ಒರೆಸಿ, ಎಲ್ಲಿಂದಲೋ ಹುಡುಕಿ ತಂದಂಥ ಒಂದು ನಗೆ ನಕ್ಕು, ‘ಪಾಸ್’ ಅಂದರು.

ನನಗೆ ಆಮೇಲೆ ಹೊಳೆದದ್ದು ಇನ್ನೊಂದು. ಡೈರೆಕ್ಟರಿಗೆ ಒಮ್ಮೆ ಇಟ್ಟ ಹೆಸರನ್ನು ಸುಮ್ಮನೆ ಅಳಿಸಿ ಬೇರೆ ಬರೆಯಲು ಆ ಯಂತ್ರದಲ್ಲಿ ಬರುವುದಿಲ್ಲ. ಹೊಸ ಹೆಸರಿನ ಕೋಣೆ ಕಟ್ಟಬೇಕು, ಹಳೆಯದರಲ್ಲಿದ್ದ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ಎಲ್ಲ ಬಂತೇ ಎಂದು ನೋಡಬೇಕು, ಹಳೆಯದನ್ನು ಖಾಲಿ ಮಾಡಬೇಕು, ಆಮೇಲೆ ಅದನ್ನು ಕೆಡವಬೇಕು. ಕ್ಲಾಸು ಬಿಟ್ಟ ಮೇಲೆ ನಾನು ಎದುರಿನ ಹೋಟೆಲಿನಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದ ಭಾನುವಾರಗಳಲ್ಲಿ ಅವಳು ಒಬ್ಬಳೇ ಕೂತು, ನನ್ನ ಹೆಸರನ್ನು ಒಂದೊಂದೇ ಬೆರಳಿಂದ ಒತ್ತಿ, ನನ್ನ ಅಡ್ನಾಡಿ ಫೈಲುಗಳನ್ನೆಲ್ಲ ಆ ಹೆಸರಿನೊಳಗೆ ಹೊತ್ತು ಹಾಕಿದ್ದಳು. ಪ್ರತಿ ಫೈಲು ಸಾಗಿಸುವಾಗಲೂ ಆ ಹೆಸರು ಇನ್ನೊಮ್ಮೆ ಒತ್ತಬೇಕು. ಆ ಬೆರಳುಗಳು ನನ್ನನ್ನು ಎಷ್ಟು ಸಲ ಕರೆದಿದ್ದವೋ! ನಾನು ಭಜಿ ತಿನ್ನುತ್ತಿದ್ದೆ.

ಬಸ್ಸು ಹತ್ತಿ ಕೂತ ಮೇಲೆ ಮೆಲ್ಲಗೆ, ‘ಬೆರಳಿಗೆ ಬಂದದ್ದು ಬಾಯಿಗೂ ಬಂದ್ರ ಏನಾಗತದ? ಒಮ್ಮಿ ಅನ್ನು. ಇಲ್ಲಿ ಯಾರೂ ಇಲ್ಲ’ ಎಂದೆ. ಕೊಡಂಬಲದ ಕಡೆಯ ಅರ್ಧ ಸಂತೆಯೇ ಆ ಬಸ್ಸಿನಲ್ಲಿತ್ತು. ಅವಳು ಕಿಟಕಿಯ ಕಡೆ ನೋಡುತ್ತಲೇ, ‘ಅಂತೀನ್ರಿ. ಮೊದಲ ನೀವು ನಂದು ಅನ್ರಿ’ ಎಂದಳು.

‘ನಿಂದು ಏನು?’

‘ಹೆಸರು. ಮದಿವಿ ಆದಾಗಿಂದ ಒಮ್ಮೆರ ಕರದೀರೇನು? “ಏ”, “ಕೇಳಿಲ್ಲೇನ”, ಸುಮಾ ಹುಟ್ಟಿದ ಮ್ಯಾಲ “ಸುಮಾನವ್ವ”. ನನಗೂ ಒಂದು ಹೆಸರು ಇಟ್ಟಾರ್ರಿ ನಮ್ಮ ಅಪ್ಪ ಅವ್ವ. ಗಂಡಸರು ಹೇಳಿದ್ರ ಹೆಂಡ್ತಿ ಆಯುಷ್ಯ ಕಡಿಮಿ ಆಗತದಂತ ಯಾವ ಶಾಸ್ತ್ರದಾಗ ಬರದದ? ನೀವು ಕರೀರಿ, ಅವತ್ತs ನಾನೂ ಕರೀತೀನಿ.’

ಇಷ್ಟೇ ತಾನೇ ಎಂದುಕೊಂಡು ನಾನು ಬಾಯಿ ತೆರೆದೆ. ಬಸ್ಸು ಹೋಗುತ್ತಲೇ ಇತ್ತು. ನಾಲಿಗೆ ಮೇಲೆದ್ದು ಅಂಗುಳಕ್ಕೆ ಹತ್ತಿ ಅಲ್ಲೇ ಕೂತಿತು. ರೇಷನ್ ಕಾರ್ಡಿನ ಮೇಲೆ ಸಲೀಸಾಗಿ ಬರೆದ ಹೆಸರು, ಪೋಸ್ಟಮ್ಯಾನ್ ಬಾಗಿಲಲ್ಲಿ ನಿಂತು ಓದಿದಾಗ ‘ಹಾಂ, ಇಲ್ಲೇ’ ಎಂದ ಹೆಸರು, ಎದುರಿಗೆ ಅವಳು ಕೂತಿರುವಾಗ ಹೊರಗೆ ಬರಲೊಲ್ಲದು. ‘ಏ… ಅದು… ಬಂಗ್ಲಾ ಬಂತು ನೋಡು’ ಎಂದೆ. ಬಂಗ್ಲಾ ಬರಲು ಇನ್ನೂ ಬೇಕಾದಷ್ಟು ದಾರಿಯಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಅಂದಿನಿಂದ ನಾನು ತಾಲೀಮು ಮಾಡುತ್ತಿದ್ದೇನೆ. ಮನೆಯಲ್ಲಿ ತಾಲೀಮಿಗೆ ತಕ್ಕ ಜಾಗವೆಂದರೆ ಬಚ್ಚಲುಮನೆ ಒಂದೇ. ಬಾಗಿಲು ಹಾಕಿಕೊಂಡು, ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡು, ಆ ಸದ್ದಿನ ಮರೆಯಲ್ಲಿ ಮೊದಮೊದಲು ಅರ್ಧ ಹೇಳುತ್ತಿದ್ದೆ, ಈಗೀಗ ಪೂರ್ತಿ ಬರುತ್ತಿದೆ. ಮೊನ್ನೆ ಧೈರ್ಯ ಮಾಡಿ ನೀರು ಸುರಿಯುವುದನ್ನು ನಿಲ್ಲಿಸಿ, ಗೋಡೆಯ ಕಡೆ ಮುಖ ಮಾಡಿ ಸ್ಪಷ್ಟವಾಗಿ ‘ಕಸ್ತೂರಿ’ ಎಂದೆ. ಎಷ್ಟು ಚೆಂದ ಬಂತು! ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ‘ಕಸ್ತೂರೀ’ ಎಂದೆ. ಹೊರಗೆ ಬಳೆಯ ಸದ್ದಾಯಿತು. ಬಾಗಿಲಿಗೆ ತೀರ ಹತ್ತಿರ ಬಂದು ನಿಂತು, ಬಹಳ ಮೆತ್ತಗೆ, ‘ಯಾರನ್ನ ಕರಿಯಾಕತ್ತೀರಿ?’ ಎಂದು ಕೇಳಿದಳು.

ನಾನು ಗಾಬರಿಯಾಗಿ ತಂಬಿಗೆ ಕೈಗೆತ್ತಿಕೊಂಡು, ‘ಯಾರನ್ನೂ ಇಲ್ಲ’ ಎಂದೆ.